ಬ್ರಿಟನ್ನಿನಲ್ಲಿ ವಿಜ್ಞಾನವನ್ನು ಜನರಿಗೆ ಮುಟ್ಟಿಸಿದವರು: ಮೂವರನ್ನು ಆರಿಸಬೇಕು, ಯಾರಾದರೆ ಚೆನ್ನ?

ಅರಸೀಕೆರೆ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ನಮ್ಮ ಕಡೆ ವಿಜ್ಞಾನದ ಮೇಷ್ಟ್ರುಗಳೆಲ್ಲ ಸೇರಿ ತಿಂಗಳಿಗೊಮ್ಮೆ ಒಂದು ಮಾತುಕತೆ ಇಟ್ಟುಕೊಳ್ಳುತ್ತೇವೆ. ಈ ಸಲ ನನ್ನ ಸರದಿ. ಬ್ರಿಟನ್ನಿನಲ್ಲಿ ವಿಜ್ಞಾನವನ್ನು ಸಾಮಾನ್ಯ ಜನರಿಗೆ ಮುಟ್ಟಿಸಿದವರ ಬಗ್ಗೆ ಮಾತಾಡುತ್ತೇನೆ ಅಂತ ಒಪ್ಪಿಕೊಂಡಿದ್ದೇನೆ. ಸಿಗೋದು ಮುಕ್ಕಾಲು ಗಂಟೆ. ಮೂವರಿಗಿಂತ ಜಾಸ್ತಿ ಜನರನ್ನು ಎಳೆದುತಂದರೆ ಹಾಜರಿ ಕರೆದ ಹಾಗಾಗುತ್ತದೆ.

ಸದ್ಯಕ್ಕೆ ಮೈಕೆಲ್ ಫ್ಯಾರಡೆ, ಡೇವಿಡ್ ಅಟೆನ್‌ಬರೋ, ಸ್ಟೀಫನ್ ಹಾಕಿಂಗ್ ಅಂತ ಬರೆದಿಟ್ಟಿದ್ದೇನೆ. ನಮ್ಮ ಜೊತೆಯವರೊಬ್ಬರು ಆಗಲೇ ತಕರಾರು ತೆಗೆದಿದ್ದಾರೆ. ಅಟೆನ್‌ಬರೋ ವಿಜ್ಞಾನಿಯೇ ಅಲ್ಲ, ಟಿವಿಯವರು, ಅವರನ್ನು ತಂದು ಫ್ಯಾರಡೆ ಪಕ್ಕ ಕೂರಿಸೋದಾ ಅಂತ. ನೀವೇನಂತೀರಿ? ಯಾರಿರಲಿ, ಯಾರನ್ನು ಬಿಡಲಿ?

ನಕ್ಷತ್ರಿಕ
ಪ್ಯಾಟ್ರಿಕ್ ಮೂರ್ ಇಲ್ಲದ ಪಟ್ಟಿ ಒಂದು ಪಟ್ಟಿಯಾ?

ಸುಮ್ನೆ ಓದುವವ
ಯಾರದು? ಹೆಸರೇ ಕೇಳಿಲ್ಲ.

ನಕ್ಷತ್ರಿಕ
ಒಂದು ಕಣ್ಣಿಗೆ ಮಾತ್ರ ಗಾಜು ಸಿಕ್ಕಿಸಿಕೊಂಡು, ಉಸಿರು ಬಿಡದೆ ಪಟಪಟ ಮಾತಾಡುತ್ತಿದ್ದ ಮಹಾಶಯ. ಬಿಬಿಸಿಯಲ್ಲಿ 'ದ ಸ್ಕೈ ಅಟ್ ನೈಟ್' ಅಂತ ತಿಂಗಳಿಗೊಂದು ಕಾರ್ಯಕ್ರಮ. ಶುರುವಾಗಿದ್ದು 1957ರ ಏಪ್ರಿಲ್‌ನಲ್ಲಿ. ಸ್ಪುಟ್ನಿಕ್ ಮೇಲೆ ಹೋಗಿದ್ದು ಆ ವರ್ಷದ ಅಕ್ಟೋಬರ್‌ನಲ್ಲಿ. ಅಂದರೆ ಮನುಷ್ಯ ಮಾಡಿದ ಉಪಗ್ರಹಗಳಿಗಿಂತ ಇವರ ಕಾರ್ಯಕ್ರಮ ಹಳೇದು! 2012ರಲ್ಲಿ ತೀರಿಕೊಳ್ಳುವ ತನಕ ಅವರೇ ನಡೆಸಿಕೊಟ್ಟರು. ಇಷ್ಟು ವರ್ಷದಲ್ಲಿ ತಪ್ಪಿಸಿದ್ದು ಒಂದೇ ಒಂದು ಕಂತು, 2004ರಲ್ಲಿ. ಅದೂ ತಿಂದದ್ದು ವಿಷವಾಗಿ ಹಾಸಿಗೆ ಹಿಡಿದಿದ್ದಕ್ಕೆ.

ಡಿಗ್ರಿ ಇರಲಿಲ್ಲ. ಹವ್ಯಾಸಿ ಖಗೋಳ ವೀಕ್ಷಕ. ಮನೆಯ ಅಂಗಳದಲ್ಲೇ ಟೆಲಿಸ್ಕೋಪು ನಿಲ್ಲಿಸಿಕೊಂಡು ಚಂದ್ರನ ನಕ್ಷೆ ಬರೆಯುತ್ತಾ ಕೂತವರು. ಮಕ್ಕಳು ಪತ್ರ ಬರೆದರೆ ಹಳೇ ಟೈಪ್‌ರೈಟರ್‌ನಲ್ಲಿ ಉತ್ತರ ಕುಟ್ಟಿ ಕಳಿಸುತ್ತಿದ್ದರು.

ಮಂಗಳೂರು ಬಜ್ಜಿ
ಮಾರಾಯ್ರೇ, 1976ರ ಏಪ್ರಿಲ್ 1ರ ಕತೆ ಬಿಟ್ಟೇಬಿಟ್ರಲ್ಲ! ಮೂರ್ ರೇಡಿಯೋದಲ್ಲಿ ಭಾರೀ ಗಂಭೀರವಾಗಿ ಹೇಳಿದರು: ಬೆಳಿಗ್ಗೆ 9 ಗಂಟೆ 47 ನಿಮಿಷಕ್ಕೆ ಪ್ಲೂಟೊ ಗುರುಗ್ರಹದ ಹಿಂದೆ ಹಾದುಹೋಗುತ್ತದೆ, ಆ ಹೊತ್ತಿಗೆ ಭೂಮಿಯ ಎಳೆತ ಸ್ವಲ್ಪ ಕಡಿಮೆಯಾಗುತ್ತದೆ, ಸರಿಯಾಗಿ ಆಗಲೇ ಎಗರಿದರೆ ತೇಲಿದ ಹಾಗಾಗುತ್ತದೆ ಅಂತ. ಜನ ಎಗರಿದ್ದಾರೆ! ಆಮೇಲೆ ಬಿಬಿಸಿಗೆ ಫೋನ್ ಮೇಲೆ ಫೋನ್. ಹೌದು ಸ್ವಾಮಿ, ನಾವು ತೇಲಿದ್ವಿ ಅಂತ.

ಪೆನ್ಸಿಲ್
ಇಂಥದ್ದೇ ನನಗೆ ಆಗಲ್ಲ. ಜನ ನಿಮ್ಮ ದನಿ ನಂಬ್ತಾರೆ ಅಂತ ಸುಳ್ಳು ಹೇಳಿ ನಗೋದಾ?

ಮಂಗಳೂರು ಬಜ್ಜಿ
ಏಪ್ರಿಲ್ ಫೂಲ್ ಮಾರಾಯ್ರೇ. ಇನ್ನು ಮೇಲಾದರೂ ಯಾರೋ ಹೇಳಿದ್ರು ಅಂತ ಎಗರಬೇಡಿ ಅನ್ನೋ ಪಾಠ ಅಂತ ಇಟ್ಟುಕೊಳ್ಳಿ.

ಪೆನ್ಸಿಲ್
ಸರಿ, ನಗುತ್ತೇನೆ. ಆದರೆ ಇದೇ ಮೂರ್ 2007ರಲ್ಲಿ ಬಿಬಿಸಿ ಕೆಟ್ಟಿದ್ದೇ ಅದನ್ನು ಹೆಂಗಸರು ನಡೆಸುತ್ತಿರುವುದರಿಂದ ಅಂದವರು. ಅದನ್ನೂ ನಿಮ್ಮ ಭಾಷಣದಲ್ಲಿ ಹೇಳ್ತೀರಾ ಮೇಷ್ಟ್ರೇ?

ನಕ್ಷತ್ರಿಕ
ಹೇಳಲಿ. ಜೊತೆಗೆ, ಅವರು ಹೋದ ಮೇಲೆ ಅದೇ ಕಾರ್ಯಕ್ರಮಕ್ಕೆ 2014ರಲ್ಲಿ ಬಂದವರು ಮ್ಯಾಗಿ ಅಡೆರಿನ್-ಪೊಕಾಕ್ ಅನ್ನೋದನ್ನೂ ಹೇಳಲಿ. ನೈಜೀರಿಯಾದಿಂದ ಬಂದ ಕುಟುಂಬದ ಹುಡುಗಿ, ಲಂಡನ್ನಿನಲ್ಲಿ ಹುಟ್ಟಿದವರು, ಡಿಸ್‌ಲೆಕ್ಸಿಯಾ (ಓದು ಬರಹಕ್ಕೆ ತೊಡಕಾಗುವ ಸಮಸ್ಯೆ) ಇದ್ದೂ ಬಾಹ್ಯಾಕಾಶ ವಿಜ್ಞಾನಿ ಆದವರು. ಮೂರ್ ಮೇಲಿಂದ ನೋಡ್ತಾ ಇದ್ರೆ ಗಾಜು ಕಣ್ಣಿಂದ ಬಿದ್ದಿರುತ್ತೆ.

ಲೀಡ್ಸ್ ಕನ್ನಡಿಗ
ಫ್ಯಾರಡೆಯನ್ನಂತೂ ಬಿಡಬೇಡಿ ಸಾರ್. ಆದರೆ ಕಾಂತ, ಸುರುಳಿ, ವಿದ್ಯುತ್ ಅಂತ ಶುರು ಮಾಡಬೇಡಿ. ಅದು ಪಠ್ಯಪುಸ್ತಕದಲ್ಲೇ ಇದೆ, ಕೂತವರೆಲ್ಲ ಮೇಷ್ಟ್ರುಗಳೇ. ಮಾತಾಡೋದು ಕಲಿತ ಫ್ಯಾರಡೆ ಕತೆ ಹೇಳಿ.

ಕಮ್ಮಾರನ ಮಗ. ಪುಸ್ತಕಕ್ಕೆ ರಟ್ಟು ಹಾಕುವ ಅಂಗಡಿಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗ. 1812ರಲ್ಲಿ ಅಂಗಡಿಗೆ ಬರುತ್ತಿದ್ದ ಗಿರಾಕಿಯೊಬ್ಬರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಶನ್ ಅನ್ನೋ ವಿಜ್ಞಾನ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿ ಹಂಫ್ರಿ ಡೇವಿಯ ಉಪನ್ಯಾಸ ಕೇಳೋಕೆ ಟಿಕೆಟ್ ಕೊಟ್ಟರು. ಡೇವಿ ಅಂದರೆ ಆಗಿನ ಲಂಡನ್ನಿನಲ್ಲಿ ಸಿನಿಮಾ ನಟರಿಗಿರುವಷ್ಟು ಹೆಸರು. ಅವನ ಭಾಷಣಗಳಿಗೆ ಬರುವ ಸಾರೋಟುಗಳ ಜಂಗುಳಿಗೆ ಆಲ್ಬಮಾರ್ಲ್ ರಸ್ತೆ ಕಟ್ಟಿಹೋಗಿ, ಕೊನೆಗೆ ಅದನ್ನು ಒನ್‌ವೇ ಮಾಡಬೇಕಾಯಿತು. ಲಂಡನ್ನಿನ ಮೊದಲ ಒನ್‌ವೇ ಅದೇ ಅಂತ ಇಲ್ಲಿನವರು ಹೇಳುತ್ತಾರೆ. ಫ್ಯಾರಡೆ ಅಲ್ಲಿ ಕೂತು ಬರೆದುಕೊಂಡಿದ್ದನ್ನೆಲ್ಲ ತಾನೇ ಚೆಂದವಾಗಿ ಬೈಂಡ್ ಮಾಡಿ ಡೇವಿಗೆ ಕಳಿಸಿದ. ಮುಂದಿನ ವರ್ಷ ಅಲ್ಲೇ ಸಹಾಯಕನ ಕೆಲಸ ಸಿಕ್ಕಿತು.

ಆಮೇಲಿನದ್ದು ಇನ್ನೂ ಚೆನ್ನಾಗಿದೆ. ಈ ಮನುಷ್ಯ ದುಡ್ಡು ಕೊಟ್ಟು ಭಾಷಣ ಕಲಿಸುವ ಮೇಷ್ಟ್ರ ಹತ್ತಿರ ಪಾಠ ಹೇಳಿಸಿಕೊಂಡ. ತಾನು ಓಡಿಸಿಕೊಂಡು ಮಾತಾಡುತ್ತೇನೆ ಅಂತ ಗೊತ್ತಿತ್ತು. ಅದಕ್ಕೆ 'ನಿಧಾನ' ಅಂತ ಬರೆದ ಒಂದು ಕಾರ್ಡು ಮಾಡಿಸಿ, ಉಪನ್ಯಾಸದ ನಡುವೆ ಸಹಾಯಕ ಅದನ್ನು ಎದುರಿಗಿಡುವ ಹಾಗೆ ಏರ್ಪಾಡು ಮಾಡಿಕೊಂಡಿದ್ದ. ಅದೇ ಸಂಸ್ಥೆಯಲ್ಲಿ ಮಕ್ಕಳಿಗಾಗಿ ಕ್ರಿಸ್‌ಮಸ್ ಉಪನ್ಯಾಸ ಶುರುವಾಗಿದ್ದು 1825ರಲ್ಲಿ. ಫ್ಯಾರಡೆ ಒಬ್ಬನೇ 19 ಸರಣಿ ಕೊಟ್ಟ. ಎರಡನೇ ಮಹಾಯುದ್ಧದ ಕೆಲವು ವರ್ಷ ಬಿಟ್ಟರೆ ಇವತ್ತಿಗೂ ನಡೆದುಕೊಂಡು ಬಂದಿದೆ.

ಸುಮ್ನೆ ಓದುವವ
ಆ ಕಾರ್ಡು ನಮ್ಮ ಆಫೀಸಿನಲ್ಲಿ ಒಬ್ಬರಿಗೆ ತುರ್ತಾಗಿ ಬೇಕಿದೆ.

ಕೆಮಿಸ್ಟ್ರಿ ಅಕ್ಕ
ಲೀಡ್ಸ್ ಕನ್ನಡಿಗರು ನಡುವಿನ ಒಂದು ಕೊಂಡಿಯನ್ನು ಹಾರಿಸಿದ್ದಾರೆ. ಎಲ್ಲರೂ ಹಾರಿಸುತ್ತಾರೆ, ಅದಕ್ಕೇ ಬರೀತಿದ್ದೇನೆ.

ಡೇವಿಯ ಉಪನ್ಯಾಸಕ್ಕೆ ಹೋಗುವ ಮೊದಲೇ ಫ್ಯಾರಡೆ ರಸಾಯನಶಾಸ್ತ್ರ ಓದಿಕೊಂಡಿದ್ದ. ಎಲ್ಲಿಂದ? ರಟ್ಟು ಹಾಕೋಕೆ ಬಂದ ಪುಸ್ತಕಗಳಿಂದ. ಅದರಲ್ಲಿ ಒಂದು 'ಕಾನ್ವರ್ಸೇಶನ್ಸ್ ಆನ್ ಕೆಮಿಸ್ಟ್ರಿ', 1806ರಲ್ಲಿ ಬಂದದ್ದು. ಬರೆದವರು ಜೇನ್ ಮಾರ್ಸೆಟ್. ಮೊದಮೊದಲ ಮುದ್ರಣಗಳಲ್ಲಿ ಅವರ ಹೆಸರೇ ಇರಲಿಲ್ಲ. ಪುಸ್ತಕ ಪೂರ್ತಿ ಮಾತುಕತೆ: ಮಿಸೆಸ್ ಬಿ ಅನ್ನುವ ಟೀಚರು, ಎಮಿಲಿ ಮತ್ತು ಕ್ಯಾರೊಲಿನ್ ಅನ್ನುವ ಇಬ್ಬರು ಹುಡುಗಿಯರು. ಎಮಿಲಿ ನಿಧಾನದವಳು, ಯೋಚಿಸಿ ಕೇಳುತ್ತಾಳೆ. ಕ್ಯಾರೊಲಿನ್‌ಗೆ ತಾಳ್ಮೆ ಕಡಿಮೆ, ಏನಾದರೂ ಹೊತ್ತಿ ಉರಿಯೋ ಪ್ರಯೋಗ ಆದರೆ ಮಾತ್ರ ಖುಷಿ. ನಮ್ಮ ಕ್ಲಾಸಿನಲ್ಲೂ ಈ ಇಬ್ಬರು ಇದ್ದೇ ಇರುತ್ತಾರೆ ಅಲ್ವಾ?

ಈಗ ನೋಡಿ. ಮಾರ್ಸೆಟ್ ಕೂಡ ಡೇವಿಯ ಉಪನ್ಯಾಸ ಕೇಳಿದವರೇ. ಮೊದಲ ಸಲ ಸರಿಯಾಗಿ ತಲೆಗೆ ಹೋಗಲಿಲ್ಲ. ಆಮೇಲೆ ತಿಳಿದವರೊಬ್ಬರ ಜೊತೆ ಕೂತು ಮಾತಾಡಿದ ಮೇಲೆ ಅರ್ಥವಾಯಿತು. ಅದಕ್ಕೇ ಪುಸ್ತಕವನ್ನೂ ಮಾತುಕತೆಯ ರೂಪದಲ್ಲಿ ಬರೆದೆ ಅಂತ ಮುನ್ನುಡಿಯಲ್ಲಿ ಅವರೇ ಹೇಳಿದ್ದಾರೆ. ಡೇವಿ ಹೇಳಿದ್ದು ಮಾರ್ಸೆಟ್ ಮೂಲಕ ಫ್ಯಾರಡೆಗೆ, ಫ್ಯಾರಡೆಯಿಂದ ಊರ ಮಕ್ಕಳಿಗೆ. ಫ್ಯಾರಡೆ ದೊಡ್ಡ ಮನುಷ್ಯ ಆದ ಮೇಲೂ ಅವರನ್ನು ಮರೆಯಲಿಲ್ಲ, ತನ್ನ ಬರಹಗಳನ್ನು ಕಳಿಸಿಕೊಡುತ್ತಿದ್ದ. ಹಾಕಿಂಗ್ ತೆಗೆದು ಮಾರ್ಸೆಟ್ ಹಾಕಿ ಮೇಷ್ಟ್ರೇ.

ಪೆನ್ಸಿಲ್
ಅಕ್ಕನ ಮಾತಿಗೆ ನನ್ನದೂ ಒಂದು ಸೇರಿಸಿ: ಅದೇ ಕ್ರಿಸ್‌ಮಸ್ ಉಪನ್ಯಾಸ ಕೊಟ್ಟ ಮೊದಲ ಹೆಂಗಸು ಸೂಸನ್ ಗ್ರೀನ್‌ಫೀಲ್ಡ್. ವರ್ಷ 1994. ಶುರುವಾಗಿದ್ದು 1825ರಲ್ಲಿ ಅಂತ ಮೇಲೆ ಓದಿದಿರಿ. ಲೆಕ್ಕ ನೀವೇ ಹಾಕಿಕೊಳ್ಳಿ.

ಟಿವಿ ರಿಪೇರಿ (ನಿವೃತ್ತ)
ನೀವೆಲ್ಲ ಆಳುಗಳ ಹಿಂದೆ ಬಿದ್ದಿದ್ದೀರಿ. ನಾನು ಹೇಳೋದು ಕೇಳಿ. ಬ್ರಿಟನ್ನಿನಲ್ಲಿ ಇಷ್ಟು ಜನ ಹುಟ್ಟಿಕೊಂಡಿದ್ದು ಅಲ್ಲಿಯ ನೀರಿನ ಗುಣದಿಂದ ಅಲ್ಲ. ಅಲ್ಲಿ ಟಿವಿ ಇಟ್ಟುಕೊಂಡವರು ವರ್ಷ ವರ್ಷ ಲೈಸೆನ್ಸ್ ದುಡ್ಡು ಕಟ್ಟಬೇಕು. ಆ ದುಡ್ಡಿನಲ್ಲಿ ಬಿಬಿಸಿ ಜಾಹೀರಾತಿನ ಹಂಗಿಲ್ಲದೆ ನಡೆಯುತ್ತದೆ. ಹಾಗಾಗಿ 'ಹೊರೈಜನ್' ಅನ್ನೋ ವಿಜ್ಞಾನ ಕಾರ್ಯಕ್ರಮ 1964ರಲ್ಲಿ ಬಂತು. 'ಟುಮಾರೋಸ್ ವರ್ಲ್ಡ್' 1965ರಿಂದ 2003ರ ತನಕ ನಡೆಯಿತು. ಕ್ರಿಸ್‌ಮಸ್ ಉಪನ್ಯಾಸ 1966ರಿಂದ ಮನೆಮನೆಯ ಟಿವಿಗೆ ಬಂತು. ಜಾಗ ಇತ್ತು, ಮಾತಾಡುವವರು ತಾವಾಗಿ ಬಂದರು.

ಅಟೆನ್‌ಬರೋ ವಿಷಯಕ್ಕೆ ಬರೋಣ. 1965ರಿಂದ ಬಿಬಿಸಿ ಟೂ ಅನ್ನೋ ಚಾನೆಲ್ ಅವರ ಕೈಯಲ್ಲಿತ್ತು. 1967ರಲ್ಲಿ ವಿಂಬಲ್ಡನ್ ಟೆನಿಸ್ಸಿನಿಂದ ಬಣ್ಣದ ಪ್ರಸಾರ ಶುರು ಮಾಡಿದ್ದು ಅವರ ಕಾಲದಲ್ಲೇ. ಜೇಕಬ್ ಬ್ರೊನೊವ್‌ಸ್ಕಿ 1973ರಲ್ಲಿ 'ದ ಅಸೆಂಟ್ ಆಫ್ ಮ್ಯಾನ್' ಅನ್ನೋ ಟಿವಿ ಸರಣಿ ಮಾಡಿದ್ದರ ಹಿಂದೆಯೂ ಅವರ ಕೈ ಇತ್ತು. ಮೈಕಿನ ಮುಂದೆ ಮಾಡಿದ್ದಕ್ಕಿಂತ ಮೇಜಿನ ಹಿಂದೆ ಕೂತು ಮಾಡಿದ್ದೇ ದೊಡ್ಡದು ಅಂತ ನನ್ನ ವಾದ. ಬೈಯೋರು ಬೈಯಿರಿ.

ಮಲೆನಾಡ ಜಿಗಣೆ
ಬೈತೀನಿ! ಮೇಜಿನ ಹಿಂದೆ ಕೂರೋರು ಬೇಕಾದಷ್ಟು ಜನ ಸಿಗ್ತಾರೆ. 1979ರ 'ಲೈಫ್ ಆನ್ ಅರ್ಥ್'ನಲ್ಲಿ ರುವಾಂಡಾದ ಕಾಡಲ್ಲಿ ಗೊರಿಲ್ಲಾಗಳ ನಡುವೆ ಕೂತು, ಮರಿಗಳು ಮೈಮೇಲೆ ಹತ್ತುತ್ತಿದ್ದರೂ ಅಲುಗಾಡದೆ ಇದ್ದರಲ್ಲ, ಅದನ್ನು ಯಾವ ಮೇಜು ಮಾಡುತ್ತೆ? ನಮ್ಮ ಪಶ್ಚಿಮ ಘಟ್ಟ, ನಮ್ಮ ಹುಲಿ ಆನೆಗಳ ಮೇಲೆ ತೆಗೆದ 'ವೈಲ್ಡ್ ಕರ್ನಾಟಕ'ಕ್ಕೂ ದನಿ ಅವರದ್ದೇ. 2020ರಲ್ಲಿ ಥಿಯೇಟರಿನಲ್ಲಿ ಆ ದನಿ ಕೇಳಿಬಂದಾಗ ನನಗೆ ಮೈ ಜುಮ್ಮಂತು.

ಪೆನ್ಸಿಲ್
ದನಿ ಚೆನ್ನಾಗಿದೆ, ಒಪ್ಪಿದೆ. 2011ರ 'ಫ್ರೋಜನ್ ಪ್ಲಾನೆಟ್'ನಲ್ಲಿ ಹಿಮದ ಗುಹೆಯೊಳಗೆ ಹಿಮಕರಡಿ ಮರಿಗಳನ್ನು ತೋರಿಸಿದ್ದು ನೆನಪಿದೆಯಾ? ಅದು ಪ್ರಾಣಿಸಂಗ್ರಹಾಲಯದಲ್ಲಿ ತೆಗೆದದ್ದು. ನೋಡುವವರಿಗೆ ಹೊರಗಿನ ಹಿಮ, ಒಳಗಿನ ಗುಹೆ ಎರಡೂ ಒಂದೇ ಜಾಗ ಅನ್ನಿಸುವ ಹಾಗೆ ಜೋಡಿಸಿದ್ದರು.

ಮಲೆನಾಡ ಜಿಗಣೆ
ನಿಜವಾದ ಗುಹೆಗೆ ಕ್ಯಾಮೆರಾ ತೂರಿಸಿದ್ದರೆ ತಾಯಿ ಒಂದೋ ಮರಿಗಳನ್ನು ಕೊಲ್ಲುತ್ತಿತ್ತು, ಇಲ್ಲವೇ ಕ್ಯಾಮೆರಾದವನನ್ನು. ಅಟೆನ್‌ಬರೋ ಆಗ ಹೇಳಿದ್ದೂ ಹೆಚ್ಚುಕಮ್ಮಿ ಇದನ್ನೇ. ವೆಬ್‌ಸೈಟಿನಲ್ಲಿ ಹೇಗೆ ತೆಗೆದೆವು ಅಂತ ಹಾಕಿಯೂ ಇದ್ದರು.

ಪೆನ್ಸಿಲ್
ವೆಬ್‌ಸೈಟಿನಲ್ಲಿ ಹಾಕಿದ್ದನ್ನು ಕಂತಿನಲ್ಲೇ ಒಂದು ಮಾತು ಹೇಳೋಕೆ ಏನು ಕಷ್ಟ?

ಟಿವಿ ರಿಪೇರಿ (ನಿವೃತ್ತ)
ಇದರಲ್ಲಿ ಪೆನ್ಸಿಲ್ ಕಡೆ ನಾನು. ಸಾಬೀತು ಮಾಡಿ ತೋರಿಸೋದೇ ವಿಜ್ಞಾನ ಅಂದಮೇಲೆ ಹೇಗೆ ತೋರಿಸಿದೆ ಅನ್ನೋದನ್ನೂ ಅಲ್ಲೇ ಹೇಳಬೇಕು.

ಕಲ್ಕತ್ತಾ ಕಾಲುದಾರಿ
ಯಾರೂ ಹಾಲ್ಡೇನ್ ಹೆಸರು ಎತ್ತಿಲ್ಲ ಅಂದರೆ ಆಶ್ಚರ್ಯ. ಜೆ.ಬಿ.ಎಸ್. ಹಾಲ್ಡೇನ್. ತಳಿವಿಜ್ಞಾನದಲ್ಲಿ ದೊಡ್ಡ ಹೆಸರು, ಜೊತೆಗೆ 'ಡೈಲಿ ವರ್ಕರ್' ಅನ್ನುವ ಕಮ್ಯುನಿಸ್ಟ್ ಪತ್ರಿಕೆಗೆ ಕಾರ್ಮಿಕರು ಓದಲಿ ಅಂತ ಮುನ್ನೂರಕ್ಕೂ ಹೆಚ್ಚು ವಿಜ್ಞಾನ ಲೇಖನ ಬರೆದವರು.

ಒಂದು ಮಾತ್ರ ಹೇಳುತ್ತೇನೆ. 1926ರ ಒಂದು ಪ್ರಬಂಧದಲ್ಲಿ ಕೇಳುತ್ತಾರೆ: ಆಳವಾದ ಗಣಿಯ ಬಾವಿಗೆ ಒಂದು ಇಲಿಮರಿಯಷ್ಟು ಚಿಕ್ಕ ಪ್ರಾಣಿ ಬಿದ್ದರೆ ಏನಾಗುತ್ತೆ? ತಳ ಮೆತ್ತಗಿದ್ದರೆ ಮೈ ಕೊಡವಿಕೊಂಡು ಎದ್ದು ಹೋಗುತ್ತೆ. ಹೆಗ್ಗಣ ಸಾಯುತ್ತೆ. ಮನುಷ್ಯ ಮುರಿದು ಬೀಳ್ತಾನೆ. ಕುದುರೆಯ ಗತಿ ಏನು ಅಂತ ನಾನಿಲ್ಲಿ ಬರೆಯಲ್ಲ, ಅವರು ಬರೆದಿದ್ದಾರೆ. ಕಾರಣ ಸರಳ. ಉದ್ದ 10 ಪಟ್ಟು ಹೆಚ್ಚಿದರೆ ಮೈಯ ಹೊರಭಾಗ 100 ಪಟ್ಟು ಆಗುತ್ತೆ, ತೂಕ 1000 ಪಟ್ಟು. ಗಾಳಿ ತಡೆಯೋದು ಹೊರಮೈಯನ್ನು, ಕೆಳಕ್ಕೆ ಎಳೆಯೋದು ತೂಕವನ್ನು. ಚಿಕ್ಕದಕ್ಕೆ ಗಾಳಿಯೇ ಕೊಡೆ. ಇಷ್ಟನ್ನು ಇಟ್ಟುಕೊಂಡು, ಘೇಂಡಾಮೃಗದ ಕಾಲು ಯಾಕೆ ಗಿಡ್ಡ, ದಪ್ಪ, ನೊಣ ನೀರಿಗೆ ಯಾಕೆ ಹೆದರಬೇಕು ಅಂತ ಎಲ್ಲಿಂದ ಎಲ್ಲಿಗೋ ಕರೆದುಕೊಂಡು ಹೋಗುತ್ತಾರೆ.

ಅಪ್ಪನೂ ಅಂಥವರೇ. ಗಣಿಯಲ್ಲಿ ವಿಷಗಾಳಿ ಪತ್ತೆಗೆ ಕ್ಯಾನರಿ ಹಕ್ಕಿ ಒಯ್ಯಿರಿ ಅಂತ ಹೇಳಿದವರು. ಮಗ ತನ್ನ ಮೈಮೇಲೇ ಪ್ರಯೋಗ ಮಾಡಿಕೊಂಡು, ಒತ್ತಡದ ಕೋಣೆಯೊಳಗೆ ಕೂತು ಕಿವಿಯ ತಮಟೆ ತೂತು ಮಾಡಿಕೊಂಡರು. ಸಿಗರೇಟಿನ ಹೊಗೆಯನ್ನು ಕಿವಿಯಿಂದ ಬಿಡಬಹುದು, ನಾಲ್ಕು ಜನರ ನಡುವೆ ಅದೂ ಒಂದು ವಿದ್ಯೆ ಅಂತ ತಮಾಷೆ ಮಾಡುತ್ತಿದ್ದರು. 1957ರಲ್ಲಿ ಬ್ರಿಟನ್ ಬಿಟ್ಟು ಕಲ್ಕತ್ತೆಯ ಇಂಡಿಯನ್ ಸ್ಟ್ಯಾಟಿಸ್ಟಿಕಲ್ ಇನ್‌ಸ್ಟಿಟ್ಯೂಟಿಗೆ ಬಂದರು. ಆಮೇಲೆ ಭುವನೇಶ್ವರ. ಜುಬ್ಬಾ ಹಾಕಿಕೊಂಡು ಇಲ್ಲಿಯವರೇ ಆದರು, ಪೌರತ್ವ ತಗೊಂಡರು, 1964ರಲ್ಲಿ ಇಲ್ಲೇ ತೀರಿಕೊಂಡರು.

ಲೀಡ್ಸ್ ಕನ್ನಡಿಗ
ಹಾಲ್ಡೇನ್ ಬರಹ ನನಗೂ ಇಷ್ಟ. ಆದರೆ ಸೋವಿಯತ್ ರಷ್ಯಾದಲ್ಲಿ ಲೈಸೆಂಕೊ ಅನ್ನೋ ಕೃಷಿ ವಿಜ್ಞಾನಿ ತಳಿವಿಜ್ಞಾನವನ್ನೇ ಹೂತುಹಾಕುತ್ತಿದ್ದಾಗ ಇವರು ಬಹಳ ಕಾಲ ಅಡ್ಡಗೋಡೆ ಮೇಲೆ ದೀಪ ಇಟ್ಟರು. ಅವನನ್ನು ನೇರವಾಗಿ ಖಂಡಿಸಲಿಲ್ಲ. ಅದೂ ಬರಲಿ.

ಕಲ್ಕತ್ತಾ ಕಾಲುದಾರಿ
ಬರಲಿ. ಆ ವಿಷಯದಲ್ಲಿ ಅವರನ್ನು ಸಮರ್ಥಿಸೋಕೆ ನಾನು ಹೋಗಲ್ಲ. ಇಲಿಯನ್ನು ಬಿಟ್ಟುಕೊಡಲ್ಲ ಅಷ್ಟೇ.

ಬ್ಯಾಕ್‌ಬೆಂಚ್
ಬ್ರಯನ್ ಕಾಕ್ಸ್ ಬಗ್ಗೆ ಯಾರೂ ಮಾತಾಡ್ತಿಲ್ಲ. 'ಡಿ:ರೀಮ್' ಬ್ಯಾಂಡಿನಲ್ಲಿ ಕೀಬೋರ್ಡ್ ನುಡಿಸುತ್ತಿದ್ದವರು. ಎ-ಲೆವೆಲ್ ಅಂದರೆ ನಮ್ಮ ಪಿಯುಸಿ ಇದ್ದ ಹಾಗೆ. ಅದರ ಗಣಿತದಲ್ಲಿ ಡಿ ಗ್ರೇಡ್ ಬಂತು ಅಂತ ಅವರೇ ಹೇಳಿಕೊಳ್ಳುತ್ತಾರೆ. ಈಗ ಮ್ಯಾಂಚೆಸ್ಟರಿನಲ್ಲಿ ಕಣಭೌತಶಾಸ್ತ್ರದ ಪ್ರೊಫೆಸರ್. ಗಣಿತಕ್ಕೆ ಹೆದರೋ ಮಕ್ಕಳಿಗೆ ಇದಕ್ಕಿಂತ ಒಳ್ಳೇ ಕತೆ ಇದೆಯಾ?

ಟಿವಿ ರಿಪೇರಿ (ನಿವೃತ್ತ)
ಕತೆ ಚೆನ್ನಾಗಿದೆ. ಅವರ 2010ರ ಟಿವಿ ಸರಣಿಯಲ್ಲಿ ಬೆಟ್ಟದ ತುದಿಯಲ್ಲಿ ನಿಂತು ಆಕಾಶ ನೋಡಿ ಮುಗುಳ್ನಗೋದು ಸ್ವಲ್ಪ ಜಾಸ್ತಿ ಆಯ್ತು. ಸಂಗೀತದ ಅಬ್ಬರದಲ್ಲಿ ಅರ್ಧ ಮಾತು ಕೇಳಿಸಲ್ಲ. ಜಿಮ್ ಅಲ್-ಖಲೀಲಿ 2011ರಿಂದ ರೇಡಿಯೋದಲ್ಲಿ 'ದ ಲೈಫ್ ಸೈಂಟಿಫಿಕ್' ನಡೆಸುತ್ತಾರೆ. ಒಬ್ಬ ವಿಜ್ಞಾನಿಯನ್ನು ಎದುರಿಗೆ ಕೂರಿಸಿಕೊಂಡು ಸುಮ್ನೆ ಮಾತಾಡಿಸೋದು. ಬೆಟ್ಟವೂ ಇಲ್ಲ, ಹೆಲಿಕಾಪ್ಟರೂ ಇಲ್ಲ. ಇವರು ಬಾಗ್ದಾದಿನಲ್ಲಿ ಹುಟ್ಟಿದವರು.

ಬ್ಯಾಕ್‌ಬೆಂಚ್
ನಾನು ಆ ಬೆಟ್ಟ ನೋಡಿಯೇ ಭೌತಶಾಸ್ತ್ರ ತಗೊಂಡಿದ್ದು. ರೇಡಿಯೋ ಕೇಳಿ ಅಲ್ಲ.

ಅರಸೀಕೆರೆ ಮೇಷ್ಟ್ರು
ಹಾಕಿಂಗ್ ಪರ ಒಬ್ಬರೂ ಇಲ್ವಾ?

ಕೆಮಿಸ್ಟ್ರಿ ಅಕ್ಕ
ಅವರ ಪುಸ್ತಕ 'ಎ ಬ್ರೀಫ್ ಹಿಸ್ಟರಿ ಆಫ್ ಟೈಮ್' 1988ರಲ್ಲಿ ಬಂತು, ಕೋಟಿಗೂ ಮೇಲೆ ಮಾರಾಟವಾಯಿತು. ಒಂದೊಂದು ಸಮೀಕರಣಕ್ಕೂ ಮಾರಾಟ ಅರ್ಧ ಆಗುತ್ತೆ ಅಂತ ಯಾರೋ ಹೇಳಿದರು ಅಂತ ಒಂದೇ ಒಂದು ಇಟ್ಟುಕೊಂಡರು, ಐನ್‌ಸ್ಟೈನರದು. ನನ್ನ ಪರಿಚಯದವರ ಮನೆಗಳಲ್ಲಿ ಆ ಪುಸ್ತಕ ಎಲ್ಲರಲ್ಲೂ ಇದೆ. ಕೊನೆ ಪುಟ ಮುಟ್ಟಿದವರು ಕಮ್ಮಿ.

ಸುಮ್ನೆ ಓದುವವ
ನಮ್ಮನೇಲೂ ಇದೆ. ಹೊದಿಕೆ ಹೊಸದಾಗೇ ಇದೆ.

ಬ್ಯಾಕ್‌ಬೆಂಚ್
ಓದದೆ ಇದ್ದರೂ ಕಪ್ಪು ಕುಳಿ ಅನ್ನೋದು ಮನೆಮಾತಾಯಿತು ಅಲ್ವಾ? ಅದೂ ಒಂದು ಕೆಲಸವೇ.

ಧಾರವಾಡ ಪೇಡೆ
ಬ್ರಿಟನ್ ಬ್ರಿಟನ್ ಅಂತ ಕೂತಿದ್ದೀರಿ. ಕಾರಂತರು 1936ರಲ್ಲೇ 'ಬಾಲ ಪ್ರಪಂಚ' ತಂದಿದ್ದರು. ಎಚ್. ನರಸಿಂಹಯ್ಯನವರು 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿ ನ್ಯಾಷನಲ್ ಕಾಲೇಜಿನಲ್ಲಿ ವಾರವಾರ ಉಪನ್ಯಾಸ ನಡೆಸಿದರು. ನಮ್ಮ ಫ್ಯಾರಡೆಗಳ ಬಗ್ಗೆ ಯಾಕೆ ಮಾತಾಡಲ್ಲ?

ಅರಸೀಕೆರೆ ಮೇಷ್ಟ್ರು
ಹಿಂದಿನ ತಿಂಗಳು ಅದೇ ಆಯ್ತು ಸಾರ್. ಕಾರಂತರ ಬಗ್ಗೆಯೇ ಒಂದೂವರೆ ಗಂಟೆ ಹಿಡಿಯಿತು. ಅದಕ್ಕೇ ನನಗೆ ಮುಕ್ಕಾಲು ಗಂಟೆ ಕಟ್ಟುನಿಟ್ಟು.

ಲೀಡ್ಸ್ ಕನ್ನಡಿಗ
ಒಳ್ಳೆಯವರ ಕತೆ ಜೊತೆಗೆ ಕೆಟ್ಟು ಹೋದದ್ದನ್ನೂ ಹೇಳಿ. 1985ರಲ್ಲಿ ವಿಜ್ಞಾನಿಗಳ ಸಂಘವಾದ ರಾಯಲ್ ಸೊಸೈಟಿಗೆ ವಾಲ್ಟರ್ ಬಾಡ್ಮರ್ ಅವರ ಸಮಿತಿ ಒಂದು ವರದಿ ಕೊಟ್ಟಿತು: ಜನರಿಗೆ ವಿಜ್ಞಾನ ತಿಳಿಸೋದು ವಿಜ್ಞಾನಿಗಳ ಕರ್ತವ್ಯ ಅಂತ. ಒಳ್ಳೇ ಮಾತು. ಆದರೆ ಒಳಗೊಂದು ಧೋರಣೆ ಇತ್ತು. ಜನಕ್ಕೆ ಗೊತ್ತಿಲ್ಲ, ನಾವು ಹೇಳಿದರೆ ಸರಿಹೋಗುತ್ತಾರೆ ಅಂತ.

ಅಷ್ಟರಲ್ಲಿ ದನಗಳ ಮಿದುಳು ಕೆಡಿಸುವ ಹುಚ್ಚು ಹಸು ರೋಗ ಬಂತು. 1990ರಲ್ಲಿ ಕೃಷಿ ಸಚಿವರು ಟಿವಿ ಕ್ಯಾಮೆರಾ ಮುಂದೆ ತಮ್ಮ ಪುಟ್ಟ ಮಗಳ ಬಾಯಿಗೆ ಬೀಫ್ ಬರ್ಗರ್ ಹಿಡಿದರು, ಏನೂ ಆಗಲ್ಲ ನೋಡಿ ಅಂತ. 1996ರಲ್ಲಿ ಸರ್ಕಾರವೇ ಎದ್ದು ನಿಂತು, ಮನುಷ್ಯರಿಗೆ ಬಂದಿರುವ ಹೊಸ ಮಿದುಳು ರೋಗಕ್ಕೂ ಅದಕ್ಕೂ ಸಂಬಂಧ ಇರೋ ಹಾಗಿದೆ ಅಂತ ಹೇಳಬೇಕಾಯಿತು. ಜನರ ನಂಬಿಕೆ ನೆಲ ಕಚ್ಚಿತು. 2000ದಲ್ಲಿ ಅಲ್ಲಿನ ಸಂಸತ್ತಿನ ಮೇಲ್ಮನೆ ಹೌಸ್ ಆಫ್ ಲಾರ್ಡ್ಸ್‌ನ ಸಮಿತಿ ಬರೆದ ವರದಿಯ ಸಾರ ಇದು: ಬರೀ ಹೇಳೋದು ಸಾಕು, ಜನರ ಮಾತನ್ನೂ ಕೇಳಿ.

ಪೆನ್ಸಿಲ್
ಈ ಇಡೀ ಚರ್ಚೆಯಲ್ಲಿ ನನಗೆ ಬೇಕಾಗಿದ್ದು ಇದು. ದನಿ ಚೆನ್ನಾಗಿದ್ದರೆ ಸಾಲದು.

ನಕ್ಷತ್ರಿಕ
ವಿಜ್ಞಾನಿ ಆದರೂ ಸಾಲದು. ಎರಿಕ್ ಲೇತ್‌ವೇಟ್ ಇಂಪೀರಿಯಲ್ ಕಾಲೇಜಿನ ಪ್ರೊಫೆಸರ್, ಲೀನಿಯರ್ ಮೋಟರಿಗೆ (ಸುತ್ತುವ ಬದಲು ನೇರವಾಗಿ ತಳ್ಳುವ ಮೋಟರು) ಹೆಸರಾದವರು, 1966ರ ಕ್ರಿಸ್‌ಮಸ್ ಉಪನ್ಯಾಸ ಅವರದ್ದೇ. 1974ರಲ್ಲಿ ಅದೇ ರಾಯಲ್ ಇನ್‌ಸ್ಟಿಟ್ಯೂಶನ್ನಿನಲ್ಲಿ ದೊಡ್ಡ ಗೈರೊಸ್ಕೋಪ್ (ಬುಗುರಿಯ ಹಾಗೆ ಜೋರಾಗಿ ಸುತ್ತುವ ಚಕ್ರ) ತಿರುಗಿಸಿ ಮೇಲೆತ್ತಿ, ನೋಡಿ ತೂಕವೇ ಇಲ್ಲ, ನ್ಯೂಟನ್ ನಿಯಮ ಇಲ್ಲಿ ನಡೆಯಲ್ಲ ಅನ್ನೋ ಧಾಟಿಯಲ್ಲಿ ಮಾತಾಡಿಬಿಟ್ಟರು. ಕೂತವರೆಲ್ಲ ಗರಬಡಿದವರ ಹಾಗಾದರು. ತಕ್ಕಡಿ ಮೇಲಿಟ್ಟರೆ ತೂಕ ಅಷ್ಟೇ ಇರುತ್ತೆ.

ಗದಗ ಟೀಚರು
ತಡವಾಗಿ ಬಂದೆ. ಮೇಷ್ಟ್ರೇ, ಯಾರ ಬಗ್ಗೆಯಾದರೂ ಮಾತಾಡಿ, ಫ್ಯಾರಡೆಯ ಮೇಣದಬತ್ತಿಯನ್ನು ಮಾಡಿ ತೋರಿಸದೆ ಇಳಿಯಬೇಡಿ. ಅವನ 1860ರ ಕ್ರಿಸ್‌ಮಸ್ ಉಪನ್ಯಾಸ ಪೂರ್ತಿ ಒಂದು ಮೇಣದಬತ್ತಿಯ ಮೇಲೆ. ಅದರಲ್ಲಿ ಒಂದನ್ನು ನಾನು ಎಂಟನೇ ತರಗತಿಗೆ ಪ್ರತಿ ವರ್ಷ ಮಾಡುತ್ತೇನೆ.

ಫ್ಯಾನ್ ಆರಿಸಿ, ಕಿಟಕಿ ಹಾಕಿ. ಬತ್ತಿ ಚೆನ್ನಾಗಿ ಉರಿದು, ಸುತ್ತ ಮೇಣ ಕರಗಿ ನಿಲ್ಲೋ ತನಕ ಕಾಯಿರಿ. ಇನ್ನೊಂದು ಕೈಯಲ್ಲಿ ಹೊತ್ತಿಸಿದ ಬೆಂಕಿಕಡ್ಡಿ ಸಿದ್ಧ ಇರಲಿ. ಮೆಲ್ಲಗೆ ಊದಿ ಆರಿಸಿದರೆ ಬಿಳಿ ಹೊಗೆಯ ಒಂದು ಎಳೆ ನೆಟ್ಟಗೆ ಮೇಲೇಳುತ್ತದೆ. ಬತ್ತಿಯನ್ನು ಮುಟ್ಟಿಸದೆ, ಎರಡು ಬೆರಳು ಮೇಲೆ, ಆ ಹೊಗೆಗೆ ಕಡ್ಡಿ ಹಿಡಿಯಿರಿ. ಬೆಂಕಿ ಹೊಗೆಯಲ್ಲೇ ಇಳಿದು ಬಂದು ಬತ್ತಿ ಹತ್ತಿಕೊಳ್ಳುತ್ತದೆ. ಹಿಂದಿನ ಬೆಂಚಿನವರೂ ಎದ್ದು ಬರ್ತಾರೆ, ಇನ್ನೊಂದ್ಸಲ ಟೀಚರ್ ಅಂತ. ಆಗ ಕೇಳಿ: ಉರಿದದ್ದು ಯಾವುದು? ಬತ್ತಿ ಅಂತಾರೆ. ಹೊಗೆ ಅಂದುಕೊಂಡದ್ದೇ ಮೇಣ, ಆವಿಯಾಗಿ ಹೋಗುತ್ತಿದ್ದ ಮೇಣ, ಉರಿಯೋದು ಅದೇ ಅಂತ ಅವರ ಬಾಯಿಂದಲೇ ಬರೋ ತನಕ ನಾನು ಹೇಳಲ್ಲ.

ಮಂಗಳೂರು ಬಜ್ಜಿ
ಈಗಷ್ಟೇ ಮಾಡಿದೆ. ಆಗ್ಲಿಲ್ಲ.

ಗದಗ ಟೀಚರು
ಫ್ಯಾನ್ ಆರಿಸಿದ್ರಾ?

ಮಂಗಳೂರು ಬಜ್ಜಿ
ಮಂಗಳೂರಲ್ಲಿ ಫ್ಯಾನ್ ಆರಿಸೋದು ಅಂದ್ರೆ ಏನು ಮಾರಾಯ್ರೇ, ಜೀವ ಹೋಗುತ್ತೆ. ತಡೀರಿ. ... ಆಯ್ತು! ಆಯ್ತು! ಅಡುಗೆಮನೆಯಿಂದ ಅಮ್ಮ ಓಡಿ ಬಂದ್ರು.

ಅರಸೀಕೆರೆ ಮೇಷ್ಟ್ರು
ಎಲ್ಲರಿಗೂ ಧನ್ಯವಾದ. ಮಾರ್ಸೆಟ್, ಫ್ಯಾರಡೆ, ಹಾಲ್ಡೇನ್ ಅಂತ ಇಟ್ಟುಕೊಳ್ಳುತ್ತೇನೆ. ಮೇಣದಬತ್ತಿ ಖಂಡಿತ.

ಬ್ಯಾಕ್‌ಬೆಂಚ್
ಮೂವರೂ ಹಳಬರೇ. ಈಗ ಬದುಕಿರೋರು ಒಬ್ಬರಾದರೂ ಬೇಡವಾ ಸಾರ್?

ಮಲೆನಾಡ ಜಿಗಣೆ
ಅಟ್ಲೀಸ್ಟ್ ಗೊರಿಲ್ಲಾ ದೃಶ್ಯ ಎರಡು ನಿಮಿಷ ಹಾಕಿ.

ಸುಮ್ನೆ ಓದುವವ
ಆ ಕ್ರಿಸ್‌ಮಸ್ ಉಪನ್ಯಾಸಗಳು ಈಗ ನೋಡೋಕೆ ಸಿಗುತ್ತಾ? ದುಡ್ಡು ಕೊಡಬೇಕಾ?

ಲೀಡ್ಸ್ ಕನ್ನಡಿಗ
ರಾಯಲ್ ಇನ್‌ಸ್ಟಿಟ್ಯೂಶನ್ನಿನ ವೆಬ್‌ಸೈಟಿನಲ್ಲಿ ಹಳೆಯ ಎಷ್ಟೋ ಸರಣಿಗಳು ಪುಕ್ಕಟೆ ಇವೆ, ಯೂಟ್ಯೂಬಿನಲ್ಲೂ ಹಾಕಿದ್ದಾರೆ. 1977ರದ್ದು ನೋಡಿ, ಕಾರ್ಲ್ ಸೇಗನ್ ಗ್ರಹಗಳ ಬಗ್ಗೆ ಮಾತಾಡಿದ್ದು. ಅವರು ಅಮೆರಿಕದವರು, ಮೇಷ್ಟ್ರ ಪಟ್ಟಿಗೆ ಬರಲ್ಲ. ಹೊಸದು ಬೇಕಾದರೆ 2019ರ ಹ್ಯಾನಾ ಫ್ರೈ, ಗಣಿತದ ಮೇಲೆ. ಬ್ಯಾಕ್‌ಬೆಂಚಿಗೆ ಅದು ಹಿಡಿಸುತ್ತೆ, ಬೆಟ್ಟ ಇಲ್ಲ ಅಷ್ಟೇ.